ಎರಡು ಸ್ಯಾನ್‌ಗೆ ಒಂದೇ ಟೇಪ್: ಮರ್ಜ್, ಎಲ್‌ಸ್ಯಾನ್, ಐವಿಆರ್ ಮೂರನ್ನೂ ಹಾಕಿ ನೋಡಿದೆ

ನಮ್ಮ ಮನೆ ಗೋಣಿಕೊಪ್ಪದಿಂದ ಸ್ವಲ್ಪ ಒಳಗೆ. ಡಿಸೆಂಬರಿನಲ್ಲಿ ಕಾಫಿ ಕೊಯ್ಲು ಶುರುವಾಗುವ ತನಕ ಗೋದಾಮು ಖಾಲಿ ಇರುತ್ತದೆ. ಹಾಗಾಗಿ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಮುಗಿದ ಕೂಡಲೇ ಸೆಕೆಂಡ್ ಹ್ಯಾಂಡ್‌ನಲ್ಲಿ ಕೂಡಿಸಿದ್ದ ಫೈಬರ್ ಚಾನೆಲ್ ಸ್ವಿಚ್‌ಗಳನ್ನೆಲ್ಲ (ಸರ್ವರ್‌ಗಳನ್ನು ಡಿಸ್ಕ್, ಟೇಪ್‌ಗೆ ಜೋಡಿಸುವ ಸ್ಯಾನ್ ಎಂಬ ಸ್ಟೋರೇಜ್ ನೆಟ್‌ವರ್ಕಿನ ಸ್ವಿಚ್‌ಗಳು) ಅಲ್ಲಿಗೆ ಸಾಗಿಸಿದೆ. ಅವುಗಳ ಫ್ಯಾನ್ ಸದ್ದು ಕೇಳಿದರೆ ಮನೆಯೊಳಗೆ ಯಾರೂ ಬಿಡುವುದಿಲ್ಲ.

ಕೆಲಸ ಇಷ್ಟೇ. ಒಂದು ಫ್ಯಾಬ್ರಿಕ್‌ನಲ್ಲಿ (ಜೋಡಿಸಿದ ಸ್ವಿಚ್‌ಗಳ ಒಂದು ಗುಂಪು, ಅಂದರೆ ಒಂದು ಸ್ಯಾನ್) ಸರ್ವರ್ ಮತ್ತು ಡಿಸ್ಕ್ ಅರೇ. ಇನ್ನೊಂದರಲ್ಲಿ ಬೇರೆ ಸರ್ವರ್, ಜೊತೆಗೆ ಒಂದು ಎಲ್‌ಟಿಒ-5 ಟೇಪ್ ಡ್ರೈವ್. ಮೊದಲನೆಯ ಸರ್ವರ್‌ಗೆ ಆ ಟೇಪ್ ಕಾಣಬೇಕು, ಬೇರೆ ಯಾವುದೂ ಬೆರೆಯಬಾರದು. ಇದಕ್ಕೆ ನೋಡಿದ ದಾರಿ ಮೂರು: ಎರಡನ್ನೂ ಒಂದು ಮಾಡುವ ಮರ್ಜ್; ಬೇರೆಯಾಗಿಯೇ ಇಟ್ಟು ಬೇಕಾದದ್ದನ್ನು ಮಾತ್ರ ಹಂಚುವ ಬ್ರೊಕೇಡಿನ ಎಲ್‌ಸ್ಯಾನ್, ಸಿಸ್ಕೊದ ಐವಿಆರ್.

ಮೊದಲು ಮರ್ಜ್ ಮಾಡಿದೆ. ಎರಡು ಬ್ರೊಕೇಡ್ 300 ಸ್ವಿಚ್ ನಡುವೆ ಒಂದು ಕೇಬಲ್ ಎಳೆದರೆ ಮುಗೀತು ಅಂದುಕೊಂಡಿದ್ದೆ. ಮುಗಿಯಲಿಲ್ಲ. ಎರಡರ ಡೊಮೇನ್ ಐಡಿಯೂ (ಫ್ಯಾಬ್ರಿಕ್‌ನಲ್ಲಿ ಸ್ವಿಚ್‌ನ ನಂಬರ್) 1, ಲಿಂಕ್ ಸೆಗ್ಮೆಂಟ್ ಆಗಿ, ಅಂದರೆ ಎರಡೂ ಸೇರದೆ, ಕೂತಿತು. ಒಂದನ್ನು ಬಂದ್ ಮಾಡಿ 2 ಎಂದು ಬದಲಾಯಿಸಿದೆ. ಆಮೇಲೆ ಝೋನ್ (ಯಾವುದಕ್ಕೆ ಯಾವುದು ಕಾಣಬೇಕು ಎಂಬ ಪಟ್ಟಿ) ತಕರಾರು: ಎರಡೂ ಕಡೆ ಆಗಲೇ ಬೇರೆ ಬೇರೆ ಝೋನ್ ಕಾನ್ಫಿಗ್ ಚಾಲೂ ಇತ್ತಲ್ಲ, ಅವೆರಡನ್ನೂ ಕೈಯಲ್ಲೇ ಸೇರಿಸಿ ಒಂದು ಮಾಡಬೇಕಾಯಿತು. ಅಷ್ಟಾದ ಮೇಲೆ ಟೇಪ್ ಕಂಡಿತು, ಒಂದು ವಾರ ಖುಷಿಯಾಗಿದ್ದೆ.

ನಮ್ಮಲ್ಲಿ ಮಳೆಗಾಲದ ಕರೆಂಟ್ ಗೊತ್ತಲ್ವಾ, ಎಲ್ಲೋ ತಂತಿಯ ಮೇಲೆ ಮರ ಬಿದ್ದರೆ ಅರ್ಧ ದಿನ ಇಲ್ಲ. ಯುಪಿಎಸ್ ಒಂದೇ ಸ್ವಿಚ್‌ಗೆ ಇತ್ತು. ಇನ್ನೊಂದು ಆರಿಹೋಗಿದ್ದಾಗ ಸುಮ್ನೆ ಕೂರಲಾರದೆ ಇಲ್ಲಿ ಒಂದು ಹೊಸ ಝೋನ್ ಸೇರಿಸಿದೆ. ಸಂಜೆ ಕರೆಂಟ್ ಬಂತು, ಆ ಸ್ವಿಚ್ ತನ್ನ ಹಳೇ ಝೋನ್ ಪಟ್ಟಿಯನ್ನೇ ಹಿಡಿದುಕೊಂಡು ಎದ್ದಿತು, ಎರಡೂ ತಾಳೆಯಾಗದೆ ಮತ್ತೆ ಸೆಗ್ಮೆಂಟ್. ಇನ್ನೊಂದು ದಿನ ಟೇಪ್ ಕಡೆಯ ಸ್ವಿಚ್‌ನಲ್ಲಿ ಮಾತ್ರ ಅಂದುಕೊಂಡು ಸಿಎಫ್‌ಜಿ ಡಿಸೇಬಲ್ (ಚಾಲೂ ಝೋನ್ ಕಾನ್ಫಿಗ್ ನಿಲ್ಲಿಸುವ ಕಮಾಂಡ್) ಕೊಟ್ಟೆ. ಡೀಫಾಲ್ಟ್ ಝೋನ್ 'ನೋ ಆಕ್ಸೆಸ್' ಇತ್ತು, ಅಂದರೆ ಚಾಲೂ ಝೋನ್ ಇಲ್ಲದಿದ್ದರೆ ಯಾವುದಕ್ಕೂ ಏನೂ ಕಾಣದು. ಆಚೆ ಕಡೆ ಸರ್ವರ್‌ಗೆ ಅದರ ಸ್ವಂತ ಡಿಸ್ಕೇ ಮಾಯ! ಮರ್ಜ್ ಆದ ಮೇಲೆ ಫ್ಯಾಬ್ರಿಕ್ ಒಂದೇ, ಝೋನ್ ಡೇಟಾಬೇಸೂ ಒಂದೇ. ಗೊತ್ತಿದ್ದೂ ಮಾಡಿದ ತಪ್ಪು.

ಆಮೇಲೆ ಎಲ್‌ಸ್ಯಾನ್. ನಡುವೆ ಬ್ರೊಕೇಡ್ 5100 ಇಟ್ಟು ಅದರಲ್ಲಿ ಎಫ್‌ಸಿ ರೂಟಿಂಗ್ ಆನ್ ಮಾಡಬೇಕು. ಇದಕ್ಕೆ ಇಂಟಿಗ್ರೇಟೆಡ್ ರೂಟಿಂಗ್ ಲೈಸೆನ್ಸ್ ಬೇಕು, ಹಳೇ ಸ್ವಿಚ್ ಕೊಳ್ಳುವಾಗ ಅದು ಇದೆಯೇ ಅಂತ ಮೊದಲೇ ಕೇಳಿಕೊಳ್ಳಿ. ರೂಟರಿನ ಎರಡು ಪೋರ್ಟ್‌ಗಳನ್ನು ಇಎಕ್ಸ್ ಪೋರ್ಟ್ (ಫ್ಯಾಬ್ರಿಕ್ ಅನ್ನು ಮರ್ಜ್ ಮಾಡದೆ ಜೋಡಿಸುವ ಪೋರ್ಟ್) ಮಾಡಿ, ಒಂದಕ್ಕೆ ಫ್ಯಾಬ್ರಿಕ್ ಐಡಿ 10, ಇನ್ನೊಂದಕ್ಕೆ 20 ಕೊಟ್ಟೆ. ಫ್ಯಾಬ್ರಿಕ್‌ಗಳು ಒಂದಾಗುವುದಿಲ್ಲ. ಎರಡೂ ಕಡೆ ಡೊಮೇನ್ 1 ಇದ್ದರೂ ಜಗಳವಿಲ್ಲ. ಆಚೆಯ ಟೇಪ್ ಈಚೆಗೆ ಒಂದು ಪ್ರಾಕ್ಸಿಯಾಗಿ, ಅಂದರೆ ರೂಟರ್ ತೋರಿಸುವ ನಕಲಾಗಿ, ಕಾಣುತ್ತದೆ. ಫ್ಯಾಬ್ರಿಕ್ ಶೋ ಕಮಾಂಡ್ ಕೊಟ್ಟಾಗ 160, 200ರ ಆಸುಪಾಸಿನ ಹೊಸ ಡೊಮೇನ್‌ಗಳು ಕಂಡರೆ ಗಾಬರಿ ಬೇಡ, ರೂಟರ್ ಹುಟ್ಟಿಸಿದ ಸುಳ್ಳು ಸ್ವಿಚ್‌ಗಳು ಅವು.

ನಾನು ಒಂದು ರಾತ್ರಿ ಕಳೆದದ್ದು ಹೆಸರಿನ ಹಿಂದೆ. ಝೋನ್‌ನ ಹೆಸರು 'ಎಲ್‌ಸ್ಯಾನ್' ಮತ್ತು ಅಂಡರ್‌ಸ್ಕೋರ್‌ನಿಂದಲೇ ಶುರುವಾಗಬೇಕು. ನಾನು 'ಟೇಪ್' ಎಂಬುದನ್ನು ಮುಂದೆ ಹಾಕಿ, 'ಎಲ್‌ಸ್ಯಾನ್' ಅನ್ನು ಹಿಂದೆ ಹಾಕಿದ್ದೆ. ಯಾವ ಎರರ್ ಕೂಡ ಬರಲಿಲ್ಲ. ಆ ಸ್ವಿಚ್‌ಗೆ ಅದು ಮಾಮೂಲಿ ಝೋನ್, ರೂಟರ್‌ಗೆ ಅದು ಲೆಕ್ಕಕ್ಕೇ ಇಲ್ಲ. ಹೆಸರು ಸರಿ ಮಾಡಿದ ಮೇಲೂ ಎಲ್‌ಸ್ಯಾನ್ ಝೋನ್ ಶೋನಲ್ಲಿ ಟೇಪ್ ಎದುರು 'ಇಂಪೋರ್ಟೆಡ್' ಬರಲಿಲ್ಲ, ಯಾಕೆಂದರೆ ಝೋನ್ ಮಾಡಿದ್ದು ಒಂದೇ ಕಡೆ. ಅದೇ ಎರಡು ಡಬ್ಲ್ಯುಡಬ್ಲ್ಯುಎನ್ (ಸರ್ವರ್, ಟೇಪ್‌ಗಳ ಸ್ವಂತ ಗುರುತಿನ ಸಂಖ್ಯೆ) ಇರುವ ಝೋನ್ ಎರಡೂ ಫ್ಯಾಬ್ರಿಕ್‌ಗಳಲ್ಲಿ ಇರಬೇಕು. ಡೊಮೇನ್, ಪೋರ್ಟ್ ನಂಬರ್ ಕೊಟ್ಟು ಸದಸ್ಯರನ್ನು ಸೇರಿಸಿದರೆ ನಡೆಯುವುದಿಲ್ಲ. ಮೊದಲು ಇದೆಂಥ ಡಬಲ್ ಕೆಲಸ ಅನ್ನಿಸಿತು. ಆದರೆ ಎರಡು ತೋಟದ ನಡುವಿನ ಬೇಲಿಗೆ ಗೇಟು ಇಟ್ಟ ಹಾಗೆ ಇದು, ಇಬ್ಬರೂ ತಮ್ಮ ಕಡೆಯ ಚಿಲಕ ತೆಗೆದರೆ ಮಾತ್ರ ತೆರೆಯುತ್ತದೆ. ಯಾರೊಬ್ಬರು ಹಾಕಿಕೊಂಡರೂ ಮುಚ್ಚಿತು. ಕರೆಂಟ್ ಪರೀಕ್ಷೆಯನ್ನೂ ಮಾಡಿದೆ, ಈ ಸಲ ಬೇಕಂತಲೇ. ಟೇಪ್ ಕಡೆಯ ಸ್ವಿಚ್ ಆರಿಸಿದಾಗ ಈಚೆ ಪ್ರಾಕ್ಸಿ ಮಾತ್ರ ಮಾಯವಾಯಿತು, ಡಿಸ್ಕ್ ಅಲುಗಲಿಲ್ಲ. ರೂಟರನ್ನೇ ಆರಿಸಿದೆ, ಆಗಲೂ ಅಷ್ಟೇ.

ಐವಿಆರ್ ನೋಡಿದ್ದು ಸಿಸ್ಕೊ ಎಂಡಿಎಸ್ 9222ಐನಲ್ಲಿ. 4 ಗಿಗಾದ 18 ಪೋರ್ಟ್ ಇರುವ ಹಳೇ ಪೆಟ್ಟಿಗೆ. ಒಂದೇ ಸ್ವಿಚ್ ಒಳಗೆ ವಿಸ್ಯಾನ್ 10, ವಿಸ್ಯಾನ್ 20 ಎಂಬ ಎರಡು ವರ್ಚುವಲ್ ಸ್ಯಾನ್ ಮಾಡಿ ಸರ್ವರ್, ಟೇಪ್ ಹಂಚಿದೆ. ಬರೆಯುವುದಕ್ಕೆ ಇದೇ ಹಿತ: ಒಂದೇ ಕಡೆ ಕೂತು, ಒಂದೇ ಐವಿಆರ್ ಝೋನ್‌ನಲ್ಲಿ, ಯಾವ ಡಬ್ಲ್ಯುಡಬ್ಲ್ಯುಎನ್ ಯಾವ ವಿಸ್ಯಾನ್‌ನಲ್ಲಿದೆ ಎಂದು ಹೇಳಿದರೆ ಸಾಕು. ನ್ಯಾಟ್ (ವಿಳಾಸ ಬದಲಿಸಿ ತೋರಿಸುವ ವ್ಯವಸ್ಥೆ) ಆನ್ ಇದ್ದರೆ ಡೊಮೇನ್ ಐಡಿ ಒಂದೇ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೆ ಬೇರೆ ಬೇರೆ ಇರಲೇಬೇಕು. ಡಿಸ್ಟ್ರಿಬ್ಯೂಟ್ (ಕಾನ್ಫಿಗ್ ಅನ್ನು ಬೇರೆ ಸ್ವಿಚ್‌ಗಳಿಗೂ ಹಂಚುವುದು) ಆನ್ ಮಾಡಿದರೆ ಕೊನೆಗೆ ಕಮಿಟ್ ಕೊಡಬೇಕು. ನಾನು ಅದನ್ನು ಮರೆತು ಕಾಫಿ ಕುಡಿದು ಬಂದೆ, ವಾಪಸ್ ಬಂದು ಅರ್ಧ ಗಂಟೆ ಕೇಬಲ್ ಅಲ್ಲಾಡಿಸುತ್ತಾ ಇದ್ದೆ.

ನನಗೆ ಕಸಿವಿಸಿ ಆದದ್ದು 'ಫೋರ್ಸ್' ಬಗ್ಗೆ. ವಿಸ್ಯಾನ್‌ನಲ್ಲಿ ಚಾಲೂ ಝೋನ್‌ಸೆಟ್ (ಝೋನ್‌ಗಳ ಗುಂಪು) ಇಲ್ಲದಿದ್ದರೆ ಐವಿಆರ್ ಝೋನ್‌ಸೆಟ್ ಏಳುವುದಿಲ್ಲ, ಫೋರ್ಸ್ ಕೊಟ್ಟರೆ ತಾನೇ ಒಂದನ್ನು ಮಾಡಿಕೊಳ್ಳುತ್ತದೆ. ಅಲ್ಲಿ ಡೀಫಾಲ್ಟ್ ಝೋನ್ 'ಪರ್ಮಿಟ್' (ಎಲ್ಲಕ್ಕೂ ಎಲ್ಲ ಕಾಣಲಿ) ಎಂದು ಬಿಟ್ಟು ಎಲ್ಲ ಓಡುತ್ತಿದ್ದರೆ, ಐವಿಆರ್‌ಗೆ ಸಂಬಂಧವೇ ಇಲ್ಲದ ಡಿವೈಸ್‌ಗಳ ಟ್ರಾಫಿಕ್ಕೂ ನಿಲ್ಲಬಹುದು. ಒಂದು ವಿಸ್ಯಾನ್ ಮಾತ್ರ ನೋಡಿಕೊಳ್ಳುವವರು ಬೆಳಿಗ್ಗೆ ಬಂದು, ತಾವು ಬರೆಯದ, ಐವಿಆರ್ ತಾನೇ ಸೇರಿಸಿದ 'ಐವಿಆರ್‌ಝಡ್' ಝೋನ್ ತಮ್ಮ ಪಟ್ಟಿಯಲ್ಲಿ ನೋಡಿದರೆ ಏನಂದುಕೊಳ್ಳಬೇಕು? ಇನ್ನು ಕರೆಂಟ್ ಹೋದಾಗ ಎರಡೂ ವಿಸ್ಯಾನ್ ಒಟ್ಟಿಗೆ ಮಲಗಿದವು. ಅದು ಐವಿಆರ್‌ನ ತಪ್ಪಲ್ಲ, ನನ್ನ ಹತ್ತಿರ ಇದ್ದದ್ದು ಒಂದೇ ಪೆಟ್ಟಿಗೆ.

ವೇಗದಲ್ಲಿ ಮೂರಕ್ಕೂ ವ್ಯತ್ಯಾಸ ಕಾಣಲಿಲ್ಲ. ಎಲ್‌ಟಿಒ-5 ಸೆಕೆಂಡಿಗೆ 140 ಎಂಬಿ ಬರೆಯುವ ಡ್ರೈವ್, 4 ಗಿಗಾ ಲಿಂಕಿಗೆ ಅದೇನೂ ಭಾರವಲ್ಲ.

ಎರಡೂ ಫ್ಯಾಬ್ರಿಕ್ ನೋಡಿಕೊಳ್ಳುವವರು ಒಬ್ಬರೇ ಆಗಿದ್ದು, ಸ್ವಿಚ್‌ಗಳು ಸಿಸ್ಕೊ ಆಗಿದ್ದರೆ ಐವಿಆರ್ ಸಾಕು. ಎರಡು ತಂಡ, ಎರಡು ಬೀಗದಕೈ ಇದ್ದರೆ ನಾನು ಎಲ್‌ಸ್ಯಾನ್ ಕಡೆಗೇ. ಮರ್ಜ್ ಮಾಡುವುದಾದರೆ ಎರಡನ್ನೂ ಶಾಶ್ವತವಾಗಿ ಒಂದು ಮಾಡುವ ಮನಸ್ಸಿದ್ದರೆ ಮಾತ್ರ ಮಾಡಿ, ಒಂದು ಟೇಪಿಗೋಸ್ಕರ ಬೇಡ.

ಮಡಿಕೇರಿಯಲ್ಲಿ ಒಂದು, ಕುಶಾಲನಗರದಲ್ಲಿ ಒಂದು ಸ್ಯಾನ್ ಇದ್ದರೆ ಎಂದು ಗೆಳೆಯನೊಬ್ಬ ಕೇಳಿದ. ಸುಮಾರು 30 ಕಿಲೋಮೀಟರ್ ದಾರಿ. 8 ಗಿಗಾದಲ್ಲಿ ಕಿಲೋಮೀಟರಿಗೆ ಅಂದಾಜು 4 ಬಫರ್ ಕ್ರೆಡಿಟ್ (ಆಚೆಯಿಂದ ಉತ್ತರ ಬರುವ ಮೊದಲೇ ಕಳಿಸಬಹುದಾದ ಫ್ರೇಮ್‌ಗಳ ಲೆಕ್ಕ) ಬೇಕು, ಅಂದರೆ 120, ಮೇಲೆ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ. ಜೂನ್, ಜುಲೈನಲ್ಲಿ ಆ ಲಿಂಕ್ ಎಷ್ಟು ಸಲ ಬಿದ್ದು ಏಳುತ್ತದೋ, ಅದನ್ನು ನೆನೆಸಿಕೊಂಡೇ ಮರ್ಜ್ ಬೇಡ ಅಂದೆ.