ಸ್ಕೋರ್ ಆಮೇಲೆ ನೋಡಿ, ಮೊದಲು ವಿಳಾಸದ ಪುಟ ತೆಗೆಯಿರಿ

ದುಡ್ಡು ಕೊಟ್ಟು ತೆಗೆದುಕೊಂಡಿದ್ದ ಕ್ರೆಡಿಟ್ ರಿಪೋರ್ಟ್ (ನಮ್ಮ ಸಾಲ, ಕಂತುಗಳ ದಾಖಲೆ) ಕಾವಲಿನ ಪ್ಲಾನನ್ನು ಈ ವರ್ಷ ನಾನು ಮುಂದುವರಿಸಲಿಲ್ಲ. ಯಾವ ಸಂಸ್ಥೆಯದು ಎಂದು ಹೇಳುವುದಿಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್, ನಮ್ಮ ಸಾಲದ ದಾಖಲೆ ಇಟ್ಟು ಅದಕ್ಕೊಂದು ಅಂಕ, ಅಂದರೆ ಸ್ಕೋರ್, ಕೊಡುವ ಈ ನಾಲ್ಕು ಸಂಸ್ಥೆಗಳಲ್ಲಿ ಒಂದು ಅಂದುಕೊಳ್ಳಿ.

ಪ್ಲಾನ್ ಕೆಟ್ಟದೇನಲ್ಲ. ಆ್ಯಪ್ ಚೆನ್ನಾಗಿದೆ, ಗ್ರಾಫ್ ಚೆನ್ನಾಗಿದೆ. ದಿನಾ ಬೆಳಿಗ್ಗೆ ಮೆಟ್ರೊದಲ್ಲಿ ವಿಜಯನಗರ ದಾಟಿ ಮೆಜೆಸ್ಟಿಕ್ ಬರುವಷ್ಟರಲ್ಲಿ ಸ್ಕೋರ್ ನೋಡುವ ಚಟ ಹತ್ತಿತ್ತು. ನಾವೇ ನೋಡಿದರೆ ಸ್ಕೋರ್ ಇಳಿಯುವುದಿಲ್ಲ, ಅದು ಸರಿ. ಆದರೆ ದಿನಾ ನೋಡಿ ಏನು ಸಿಗುತ್ತದೆ? ಸಾಲದ ಮಾಹಿತಿಯನ್ನು ಬ್ಯಾಂಕುಗಳು 15 ದಿನಕ್ಕೊಮ್ಮೆ ಕಳಿಸಬೇಕು ಎಂಬ ನಿಯಮ ಬಂದಿದ್ದೇ 2025ರ ಜನವರಿಯಲ್ಲಿ. ಅದಕ್ಕೂ ಮೊದಲು ತಿಂಗಳಿಗೊಮ್ಮೆ ಕಳಿಸಿದರೆ ಸಾಕಿತ್ತು. ಮುಖ್ಯವಾದ ವಿಷಯ ಬೇರೆ ಇದೆ. ನನ್ನ ಹೆಸರಲ್ಲಿ ಯಾರಾದರೂ ಸಾಲ ಕೇಳಿದರೆ ಆ ಫೈನಾನ್ಸ್ ಕಂಪನಿ ನಾಲ್ಕರಲ್ಲಿ ಯಾವ ಸಂಸ್ಥೆಯಿಂದ ಬೇಕಾದರೂ ರಿಪೋರ್ಟ್ ತರಿಸಬಹುದು. ನನ್ನ ಪ್ಲಾನ್ ಕಾಯುತ್ತಿದ್ದದ್ದು ಒಂದನ್ನು ಮಾತ್ರ. ನಾಲ್ಕು ಬಾಗಿಲಿನ ಮನೆಗೆ ಒಂದೇ ಬೀಗ ಹಾಕಿದ ಹಾಗೆ.

ಪುಕ್ಕಟೆ ಸಿಗುವುದು ನಾಲ್ಕಕ್ಕೂ ಸಿಗುತ್ತದೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಪ್ರತಿ ಸಂಸ್ಥೆಯೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡಬೇಕು. ಇದು 2017ರಿಂದಲೇ ಇದೆ. ಲಿಂಕ್ ಮಾತ್ರ ದುಡ್ಡಿನ ಪ್ಲಾನ್‌ಗಳ ಅಡಿಯಲ್ಲಿ ಎಲ್ಲೋ ಸಣ್ಣ ಅಕ್ಷರದಲ್ಲಿ ಕೂತಿರುತ್ತದೆ, ಹುಡುಕಬೇಕು. ನಾಲ್ಕನ್ನೂ ಒಂದೇ ದಿನ ತೆಗೆಯಬೇಡಿ. ನಾನು ಜನವರಿಗೆ ಒಂದು, ಏಪ್ರಿಲ್‌ಗೆ ಒಂದು, ಜುಲೈಗೆ, ಅಕ್ಟೋಬರ್‌ಗೆ ಹೀಗೆ ಹಂಚಿಕೊಂಡಿದ್ದೇನೆ.

ರಿಪೋರ್ಟ್ ತೆಗೆಯುವ ಭಾನುವಾರ ನನಗೆ ಸಣ್ಣ ಹಬ್ಬ. ಎರಡನೇ ಲೋಟ ಕಾಫಿ ಆದಮೇಲೆ ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದು ಕೂರುತ್ತೇನೆ. ಎಲ್ಲರೂ ಸ್ಕೋರ್ ನೋಡಿ ಮುಚ್ಚಿಡುತ್ತಾರೆ. ನಾನು ಮೊದಲು ತೆಗೆಯುವುದು ವಿಳಾಸ ಮತ್ತು ಫೋನ್ ನಂಬರಿನ ಭಾಗ. ಮೊದಲ ಸಲ ನೋಡಿದಾಗ ನಗು ಬಂತು. ಬಿಟಿಎಂ ಲೇಔಟಿನ ಪಿಜಿ, ಬ್ಯಾಚುಲರ್ ಕಾಲದ ಹೊಸಹಳ್ಳಿಯ ರೂಮು, ಮದುವೆಯಾದ ಮೇಲಿನ ಬಾಡಿಗೆ ಮನೆ, ಎಲ್ಲ ಅಲ್ಲಿವೆ. ಯಾವುದೋ ಬ್ಯಾಂಕಿನವರು ‘ಬಸವೇಶ್ವರನಗರ’ವನ್ನು ಎರಡು ಬೇರೆ ಬೇರೆ ಸ್ಪೆಲಿಂಗ್‌ನಲ್ಲಿ ತುಂಬಿದ್ದಾರೆ. ನಾನೇ ಮರೆತಿದ್ದ ಪಿನ್ ಕೋಡ್ ಅವರ ಹತ್ತಿರ ಇದೆ!

ಸುಮ್ನೆ ನಗುವುದಕ್ಕಲ್ಲ ಈ ಪುಟ. ನೀವು ಎಂದೂ ವಾಸ ಮಾಡದ ವಿಳಾಸ, ನಿಮ್ಮದಲ್ಲದ ನಂಬರ್ ಇಲ್ಲಿ ಕಂಡರೆ ಯಾರೋ ನಿಮ್ಮ ಪ್ಯಾನ್ ಹಿಡಿದು ಎಲ್ಲೋ ಅರ್ಜಿ ಹಾಕಿರಬಹುದು. ನಂತರ ಎನ್‌ಕ್ವೈರಿ ಭಾಗ, ಅಂದರೆ ನಿಮ್ಮ ರಿಪೋರ್ಟ್ ಯಾರು ತರಿಸಿದ್ದಾರೆ ಎಂಬ ಪಟ್ಟಿ ನೋಡಿ. ಯಾವ ಕಂಪನಿ, ಯಾವ ತಾರೀಖು, ಯಾವ ಸಾಲಕ್ಕೆ, ಎಷ್ಟು ಮೊತ್ತ ಎಂದು ಇರುತ್ತದೆ.

ಇನ್ನು ಎಸ್ಸೆಮ್ಮೆಸ್. 2024ರ ಏಪ್ರಿಲ್‌ನಿಂದ, ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿ ನಮ್ಮ ರಿಪೋರ್ಟ್ ತೆರೆದರೆ ಅದನ್ನು ಕೊಟ್ಟ ಕ್ರೆಡಿಟ್ ಸಂಸ್ಥೆ ನಮಗೆ ಎಸ್ಸೆಮ್ಮೆಸ್ ಇಲ್ಲವೇ ಇಮೇಲ್ ಮಾಡಬೇಕು. ಒಳ್ಳೆಯ ನಿಯಮ. ಆದರೆ ಅದು ಬರುವುದು ನೋಡಿಯಾದ ಮೇಲೆ. ನೋಡಲೇ ಎಂದು ಮೊದಲು ಕೇಳುವುದಿಲ್ಲ. ಮತ್ತೆ, ಅವರ ದಾಖಲೆಯಲ್ಲಿ ಇರುವುದು ಹಳೇ ನಂಬರ್ ಆದರೆ ನಿಮಗೆ ಏನೂ ಗೊತ್ತಾಗುವುದಿಲ್ಲ. ವಿಳಾಸದ ಪುಟ ಮೊದಲು ನೋಡಿ ಅಂದಿದ್ದು ಇದಕ್ಕೂ ಸೇರಿ.

ನನಗೆ ಸಿಟ್ಟು ಬಂದಿದ್ದು ವಾಷಿಂಗ್ ಮೆಷಿನ್ ಕೊಂಡಾಗ. ಯುಪಿಐನಲ್ಲಿ ಪೂರ್ತಿ ದುಡ್ಡು ಕೊಟ್ಟು ತಂದಿದ್ದು. ಅಂಗಡಿಯಲ್ಲಿ ‘ಬಿಲ್ಲಿಗೆ ಬೇಕು ಸರ್’ ಎಂದು ಪ್ಯಾನ್ ಬರೆದುಕೊಂಡಿದ್ದರು, ಅಷ್ಟೇ. ವಾರದೊಳಗೆ ನಾನು ಹೆಸರೇ ಕೇಳದ ಫೈನಾನ್ಸ್ ಕಂಪನಿ ನನ್ನ ರಿಪೋರ್ಟ್ ತೆರೆದಿದೆ ಎಂದು ಮೆಸೇಜ್. ದುಡ್ಡು ಕೊಟ್ಟ ಪ್ಲಾನ್‌ನವರನ್ನು ಕೇಳಿದೆ. ‘ಸಾಲ ಕೊಡುವವರನ್ನು ಕೇಳಿ ಸರ್’ ಅಂದರು. ಅವರನ್ನು ಕೇಳಿದರೆ ‘ನಿಮ್ಮ ಒಪ್ಪಿಗೆ ಇದೆ ಸರ್’. ಎಲ್ಲಿದೆ ತೋರಿಸಿ ಅಂದರೆ ಫೋನ್ ಹೋಲ್ಡ್, ಹಿಂದೆ ಸಂಗೀತ. ಇಷ್ಟಕ್ಕೆ ನಾನು ದುಡ್ಡು ಯಾಕೆ ಕೊಡಬೇಕು ಹೇಳಿ?

ಕೊನೆಗೆ ಕೆಲಸಕ್ಕೆ ಬಂದದ್ದು ಪುಕ್ಕಟೆ ದಾರಿಯೇ. ಸಂಸ್ಥೆಯ ವೆಬ್‌ಸೈಟಿನಲ್ಲೇ ಡಿಸ್ಪ್ಯೂಟ್ (ತಕರಾರು) ಹಾಕಿದೆ, ಬಿಲ್ಲು ಮತ್ತು ಯುಪಿಐ ಸ್ಕ್ರೀನ್‌ಶಾಟ್ ಜೊತೆಗಿಟ್ಟೆ. ದೂರು 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ಆಮೇಲಿನ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂಬ ನಿಯಮವನ್ನೂ ಬರೆದು ಕಳಿಸಿದೆ. ತಿಂಗಳು ತುಂಬುವ ಮೊದಲೇ ಎಂಟ್ರಿ ಹೋಯಿತು. ನೂರು ರೂಪಾಯಿ ಸಿಗಲಿಲ್ಲ, ಇರಲಿ. ಆಗಿರದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ಹೋಗಬಹುದಿತ್ತು. 2022ರ ಸೆಪ್ಟೆಂಬರ್‌ನಿಂದ ಈ ನಾಲ್ಕು ಸಂಸ್ಥೆಗಳೂ ಆ ವ್ಯಾಪ್ತಿಗೆ ಬಂದಿವೆ. ನಿಜವಾಗಿ ಯಾರೋ ನಿಮ್ಮ ಹೆಸರಲ್ಲಿ ಸಾಲವನ್ನೇ ಎತ್ತಿದ್ದರೆ ಇಷ್ಟು ಸಾಲದು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಪೊಲೀಸ್ ದೂರನ್ನೂ ಕೊಡಿ.

ಈಗ ಬಾಡಿಗೆ ಕರಾರು, ಸಿಮ್, ಯಾವುದಕ್ಕೇ ಪ್ಯಾನ್ ಜೆರಾಕ್ಸ್ ಕೊಟ್ಟರೂ ಯಾವ ಕೆಲಸಕ್ಕೆ ಎಂದು ತಾರೀಖು ಸಮೇತ ಅದರ ಮೇಲೆ ಅಡ್ಡಲಾಗಿ ಬರೆಯುತ್ತೇನೆ. ಆಧಾರ್ ಆದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ. ಬ್ರೋಕರ್‌ಗಳು ಮುಖ ಸಿಂಡರಿಸುತ್ತಾರೆ, ಆದರೂ ತೆಗೆದುಕೊಳ್ಳುತ್ತಾರೆ.

ಸಂಬಳದ ಕೆಲಸ, ಒಂದು ಹೋಮ್ ಲೋನ್, ಒಂದು ಕಾರ್ಡ್ ಇರುವ ನನ್ನಂಥವರಿಗೆ ದುಡ್ಡಿನ ಪ್ಲಾನ್ ಬೇಡ. ಒಂದು ಸಲ ಮೋಸ ಹೋಗಿ ಪದೇ ಪದೇ ರಿಪೋರ್ಟ್ ನೋಡಬೇಕಾದವರು ಒಂದು ವರ್ಷಕ್ಕೆ ಬೇಕಾದರೆ ತೆಗೆದುಕೊಳ್ಳಿ. ಆಟೊ ರಿನ್ಯೂವಲ್ ಅನ್ನು ಮಾತ್ರ ಅವತ್ತೇ ಆಫ್ ಮಾಡಿಬಿಡಿ.