ಬ್ಯಾಂಕಿನ ಹೆಸರು ಬದಲಾಗಿದ್ದು ನಿಜ, ಮೆಸೇಜ್ ಮಾತ್ರ ಸುಳ್ಳು

ಮೊದಲೇ ಹೇಳಿಬಿಡುತ್ತೇನೆ. ಹೋಗಿದ್ದು ಅಮ್ಮನ ದುಡ್ಡು, ಮೋಸ ಹೋದವನು ನಾನು.

ಅಮ್ಮನ ಪಿಂಚಣಿ ಬರುವ ಬ್ಯಾಂಕು ಇನ್ನೊಂದರ ಜೊತೆ ಸೇರಿ ಹೆಸರು ಬದಲಾಗಿತ್ತು. ಯಾವ ಬ್ಯಾಂಕು ಅನ್ನೋದು ಬೇಡ, ಯಾವುದರಲ್ಲಾದರೂ ಆಗಬಹುದಾಗಿದ್ದ ಕಥೆ ಇದು. ಒಂದು ಸಂಜೆ ಊರಿಂದ ಫೋನ್ ಬಂತು.

"ಬ್ಯಾಂಕಿನೋರು ವಾಟ್ಸಾಪ್ ಮಾಡಿದಾರೆ ಕಣೋ. ಹಳೇ ಆಪ್ ಇವತ್ತು ರಾತ್ರಿಗೆ ನಿಂತೋಗುತ್ತಂತೆ. ಹೊಸದು ಕಳಿಸಿದಾರೆ, ಹಾಕ್ಕೊಳ್ಲಾ?"

ನಾನು ಆಫೀಸಿನಿಂದ ಹೊರಡುವ ಗಡಿಬಿಡಿಯಲ್ಲಿದ್ದೆ. ಹೆಸರು ಬದಲಾದ ಸುದ್ದಿಯನ್ನು ಪೇಪರಿನಲ್ಲಿ ಓದಿದ್ದೆ. ಹೂಂ, ಹಾಕ್ಕೋ ಅಂದೆ.

"ಚಿತ್ರ ಬೇರೆ ಥರ ಇದೆಯಲ್ಲೋ?"

"ಹೆಸರು ಬದಲಾದ್ರೆ ಲೋಗೋನೂ ಬದಲಾಗುತ್ತಮ್ಮ."

ಈ ಮಾತು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಅಮ್ಮ ಕೇಳಬೇಕಾದ್ದನ್ನೇ ಕೇಳಿದ್ದಳು. ಬೇರೆ ದಿನಗಳಲ್ಲಿ ಲೋಗೋ ಬೇರೆ ಇದ್ದರೆ, ನಂಬರ್ ಹೊಸದಿದ್ದರೆ, ಸ್ಪೆಲ್ಲಿಂಗ್ ಹೆಚ್ಚುಕಡಿಮೆ ಇದ್ದರೆ ಅನುಮಾನ ಬರುತ್ತದೆ ಅಲ್ವಾ? ಬ್ಯಾಂಕು ಹೆಸರು ಬದಲಿಸುವ ಕಾಲದಲ್ಲಿ ಅದಕ್ಕೆಲ್ಲ ಒಂದೇ ಉತ್ತರ: ಹೊಸದು. ಕಳ್ಳರಿಗೆ ಅದೇ ಸುಗ್ಗಿ.

ಆ ಆಪ್ ಪ್ಲೇ ಸ್ಟೋರಿನದ್ದಲ್ಲ, ವಾಟ್ಸಾಪಿನಲ್ಲೇ ಬಂದ ಎಪಿಕೆ ಫೈಲು, ಅಂದರೆ ಸ್ಟೋರಿಗೆ ಹೋಗದೆ ನೇರ ಫೋನಿಗೆ ಆಪ್ ಹಾಕುವ ಫೈಲು. ಎಸ್ಸೆಮ್ಮೆಸ್ ಓದಲು ಅನುಮತಿ ಕೇಳಿತು, ಅಮ್ಮ ಕೊಟ್ಟಳು. ಹೊಸ ಬ್ಯಾಂಕಿಗೆ ಖಾತೆ ಜೋಡಿಸಬೇಕು ಅಂತ ಕಾರ್ಡ್ ನಂಬರ್, ಪಿನ್ ಕೇಳಿತು, ಅದನ್ನೂ ಕೊಟ್ಟಳು. "ಒಟಿಪಿ ಯಾರಿಗೂ ಹೇಳಬೇಡ" ಅಂತ ನಾನು ವರ್ಷಗಟ್ಟಲೆ ಹೇಳಿಕೊಟ್ಟಿದ್ದೆ. ಅಮ್ಮ ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ, ಬಂದ ಒಟಿಪಿಯೆಲ್ಲ ಆ ಆಪ್ ಮೂಲಕ ನೇರ ಅವರ ಕೈಗೆ ಹೋಗುತ್ತಿತ್ತು. ಮೂರು ಸಲಕ್ಕೆ 48,000 ರೂಪಾಯಿ.

ಆಮೇಲೆ ನಡೆದದ್ದು ಇನ್ನೂ ಕೆಟ್ಟದ್ದು. ಕಾರ್ಡಿನ ಹಿಂದಿದ್ದ ಸಹಾಯವಾಣಿಗೆ ಫೋನ್ ಮಾಡಿದರೆ, ಅದು ಹಳೇ ಬ್ಯಾಂಕಿನ ನಂಬರು, ಬಂದ್ ಆಗಿತ್ತು. ಹೆಸರು ಬದಲಿಸುವವರು ಬೋರ್ಡಿಗೆ, ಜಾಹೀರಾತಿಗೆ ಎಷ್ಟೋ ಖರ್ಚು ಮಾಡುತ್ತಾರೆ. ಜನರ ಜೇಬಿನಲ್ಲಿರುವ ಕಾರ್ಡಿನ ನಂಬರು ನಡೆಯುತ್ತದಾ ಅಂತ ನೋಡುವುದಿಲ್ಲ. ಭಾವ ಗೂಗಲ್‌ನಲ್ಲಿ ಹುಡುಕಿ ಒಂದು ನಂಬರ್ ಹಿಡಿದರು. ಆ ಕಡೆಯವನು "ದುಡ್ಡು ವಾಪಸ್ ಹಾಕ್ತೀವಿ, ಯುಪಿಐ ಪಿನ್ ಒತ್ತಿ" ಅಂದ. ಅವನೂ ಕಳ್ಳನೇ! ಭಾವ ಬೈದು ಫೋನ್ ಇಟ್ಟರು. ಕೊನೆಗೆ 1930ಕ್ಕೆ ಮಾಡಿದೆವು. ಸೈಬರ್ ವಂಚನೆಗೆ ದೇಶಕ್ಕೆಲ್ಲ ಇರುವ ನಂಬರ್ ಅದು. ಅಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. 11,000 ಮಾತ್ರ, ದುಡ್ಡು ಹೋಗಿ ಸೇರಿದ್ದ ಖಾತೆಯಲ್ಲಿ ತಡೆಹಿಡಿಯಲು ಆಯಿತು.

ಶಾಖೆಯಲ್ಲಿ ಗಲಾಟೆ ಮಾಡಿದೆ, ನಿಜ. ಆದರೆ ರಿಸರ್ವ್ ಬ್ಯಾಂಕಿನ 2017ರ ನಿಯಮ ಅವರ ಕಡೆಗಿತ್ತು. ನಾವೇ ಪಿನ್ ಕೊಟ್ಟು ಹೋದ ದುಡ್ಡು, ಬ್ಯಾಂಕಿಗೆ ತಿಳಿಸುವವರೆಗೆ ನಮ್ಮ ನಷ್ಟ. ತಿಳಿಸಿದ ಮೇಲೆ ಹೋದರೆ ಮಾತ್ರ ಬ್ಯಾಂಕಿನದು.

ಕರ್ನಾಟಕದವರಾದ ನಮಗೆ ಈ ಹೆಸರು ಬದಲಾವಣೆ ಹೊಸದಲ್ಲ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಹೋಯಿತು. 2019ರಲ್ಲಿ ವಿಜಯಾ ಬ್ಯಾಂಕು ಬರೋಡಾಕ್ಕೆ ಸೇರಿತು. 2020ರಲ್ಲಿ ಕಾರ್ಪೊರೇಷನ್ ಬ್ಯಾಂಕು ಯೂನಿಯನ್‌ಗೆ, ನಾಯಿ ಚಿತ್ರದ ಸಿಂಡಿಕೇಟ್ ಬ್ಯಾಂಕು ಕೆನರಾಕ್ಕೆ. ಗ್ರಾಮೀಣ ಬ್ಯಾಂಕಿನವರ ಪಾಡಂತೂ ಕೇಳಲೇಬೇಡಿ. ಬಳ್ಳಾರಿ ಕಡೆ ತುಂಗಭದ್ರಾದಲ್ಲಿ ಖಾತೆ ತೆರೆದವರು ಕೂತಲ್ಲೇ ಪ್ರಗತಿ, ಪ್ರಗತಿ ಕೃಷ್ಣಾ ಎಲ್ಲ ದಾಟಿ 2019ರಲ್ಲಿ ಕರ್ನಾಟಕ ಗ್ರಾಮೀಣ ಆದರು. 2025ರ ಮೇ 1ರಂದು ಮತ್ತೆ ವಿಲೀನವಾಗಿ ಮತ್ತೆ ಕರ್ನಾಟಕ ಗ್ರಾಮೀಣವೇ! ಇಂಗ್ಲಿಷ್ ಸ್ಪೆಲ್ಲಿಂಗ್ ಮಾತ್ರ ಬೇರೆ. ನಕಲಿ ಹೆಸರು ಯಾವುದು, ಅಸಲಿ ಯಾವುದು ಅಂತ ಸ್ಪೆಲ್ಲಿಂಗ್ ನೋಡಿ ಹೇಳಿ ಅಂದರೆ ಯಾರು ಹೇಳುತ್ತಾರೆ?

ಆದರೆ ಆ ಸಂಜೆ ಒಂದು ವಿಷಯ ನೆನಪಾಗಿದ್ದರೆ ಸಾಕಿತ್ತು. ನಿಜವಾದ ಬದಲಾವಣೆ ಆಮೆ ನಡಿಗೆಯದು. ಸಿಂಡಿಕೇಟ್ 2020ರ ಏಪ್ರಿಲ್‌ನಲ್ಲಿ ವಿಲೀನವಾದರೂ, ದುಡ್ಡು ಕಳಿಸುವಾಗ ಹಾಕುವ ಅದರ ಶಾಖೆಗಳ ಹಳೇ ಐಎಫ್ಎಸ್‌ಸಿ ಕೋಡು 2021ರ ಜೂನ್ 30ರವರೆಗೆ ನಡೆಯಿತು. ವಿಜಯಾ ಬ್ಯಾಂಕಿನ ಚೆಕ್ ಪುಸ್ತಕಕ್ಕೆ ಹೆಚ್ಚುಕಡಿಮೆ ಎರಡು ವರ್ಷ ಜೀವ ಇತ್ತು. "ಇವತ್ತು ರಾತ್ರಿಯೊಳಗೆ" ಅಂತ ಅವಸರ ಮಾಡುವವನು ಬ್ಯಾಂಕಿನವನಲ್ಲ. ಬ್ಯಾಂಕಿಗೆ ಅಷ್ಟು ಅವಸರ ಯಾವತ್ತು ಇತ್ತು ಹೇಳಿ!

ನಿಮ್ಮ ಬ್ಯಾಂಕಿನ ಹೆಸರೂ ಬದಲಾಗುತ್ತಿದ್ದರೆ, ಒಂದು ಸಲ ಶಾಖೆಗೇ ಹೋಗಿ ಹೊಸ ಸಹಾಯವಾಣಿ ನಂಬರ್ ಬರೆದುಕೊಂಡು ಬನ್ನಿ. ಈಗ ಬ್ಯಾಂಕುಗಳ ವೆಬ್‌ಸೈಟ್ ವಿಳಾಸ ಡಾಟ್ ಬ್ಯಾಂಕ್ ಡಾಟ್ ಇನ್ ಅಂತ ಮುಗಿಯಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ಹೊಸ ಆಪ್ ಬೇಕಾದರೆ ಅಲ್ಲಿರುವ ಕೊಂಡಿಯಿಂದಲೇ ಹೋಗಿ. ವಾಟ್ಸಾಪಿನಲ್ಲಿ ಬಂದ ಎಪಿಕೆಯನ್ನು ಮಾತ್ರ ಮುಟ್ಟಲೇಬೇಡಿ, ಕಳಿಸಿದ್ದು ನಿಮ್ಮ ಅಳಿಯನೇ ಆಗಿರಲಿ. ಅವರ ಫೋನೂ ಕಳ್ಳರ ಕೈಗೆ ಸಿಕ್ಕಿರಬಹುದು. ಊರಲ್ಲಿರುವ ಅಪ್ಪ ಅಮ್ಮ ಏನಾದರೂ ಕೇಳಿದರೆ ನನ್ನ ಹಾಗೆ ನಡೆಯುತ್ತಾ ಉತ್ತರ ಕೊಡಬೇಡಿ. ಸ್ಕ್ರೀನ್‌ಶಾಟ್ ತರಿಸಿಕೊಂಡು, ಕೂತು ನೋಡಿ.

ಅಮ್ಮನಿಗೆ ಹೊಸ ಕಾರ್ಡು ಬಂದಿದೆ. ಅದರ ಹಿಂದೆ ಇನ್ನೂ ಹಳೇ ನಂಬರೇ ಅಚ್ಚಾಗಿದೆ. ಅಮ್ಮ ಅದರ ಮೇಲೆ ಬಿಳಿ ಟೇಪ್ ಅಂಟಿಸಿ, ಪೆನ್ನಿನಲ್ಲಿ 1930 ಅಂತ ಬರೆದುಕೊಂಡಿದ್ದಾಳೆ.