ಸರ್ ಹಂಫ್ರಿ: ಡಿವಿಡಿಯಲ್ಲೋ, ಪುಸ್ತಕದಲ್ಲೋ, ಹಿಂದಿಯಲ್ಲೋ?

ಒಬ್ಬ ಮಂತ್ರಿಯನ್ನು ಅವನ ಕಾರ್ಯದರ್ಶಿ ಸರ್ ಹಂಫ್ರಿ ಮಾತಿನಲ್ಲೇ ಆಡಿಸುವ ಬಿಬಿಸಿಯ ಹಾಸ್ಯ ಧಾರಾವಾಹಿ ‘ಯೆಸ್ ಮಿನಿಸ್ಟರ್’ ಶುರುವಾದದ್ದು 1980ರಲ್ಲಿ. ನನಗೆ ಅದರ ಹುಚ್ಚು ಹಿಡಿದದ್ದು ತೀರಾ ತಡವಾಗಿ. ಡಿವಿಡಿ, ಪುಸ್ತಕ, ಹಿಂದಿ ರೂಪ, ಮೂರನ್ನೂ ನೋಡಿಯಾಗಿದೆ. ಗೆದ್ದದ್ದು ಡಿವಿಡಿ. ಜಾಸ್ತಿ ಕಾಟ ಕೊಟ್ಟದ್ದೂ ಅದೇ.

ಲಂಡನ್ನಿನಲ್ಲಿರುವ ಚಿಕ್ಕಪ್ಪನ ಮಗ ರಜೆಗೆ ಬಂದಾಗ ಪೂರ್ತಿ ಸೆಟ್ ತಂದ. ಶನಿವಾರ ರಾತ್ರಿ ಊಟ ಮುಗಿಸಿ, ಮನೆಯವರನ್ನೆಲ್ಲ ಟಿವಿ ಮುಂದೆ ಕೂರಿಸಿ, ಡಿಸ್ಕ್ ಹಾಕಿದೆ. ರೀಜನ್ ತಪ್ಪು ಅಂತ ಒಂದು ಸಾಲು ಬಂತು, ಅಷ್ಟೇ. ಯಾವ ಡಿವಿಡಿ ಎಲ್ಲಿ ಓಡಬೇಕೆಂದು ಪ್ರಪಂಚವನ್ನು ಭಾಗ ಮಾಡಿ ಕೊಟ್ಟ ನಂಬರೇ ರೀಜನ್: ಬ್ರಿಟನ್ನಿನ ಡಿಸ್ಕಿಗೆ 2, ನಮ್ಮ ದೇಶಕ್ಕೆ 5. ದುಡ್ಡು ಕೊಟ್ಟು ತಂದ ಡಿಸ್ಕಿಗೂ ವೀಸಾ ಬೇಕು! ಅಮ್ಮ ಹಾಸಿಗೆ ಹಾಸಲು ಎದ್ದು ಹೋದರು.

ಕೊನೆಗೆ ಹಳೆಯ ಕಂಪ್ಯೂಟರಿನ ಡ್ರೈವೇ ಗತಿಯಾಯಿತು. ಅದರಲ್ಲಿ ರೀಜನ್ ಬದಲಿಸಬಹುದು, ಆದರೆ ಐದೇ ಸಲ. ಐದನೆಯ ಸಲ ಯಾವುದಿಟ್ಟೆವೋ ಅದಕ್ಕೇ ಬೀಗ. ಸರ್ ಹಂಫ್ರಿಯೇ ಕೂತು ಬರೆದ ನಿಯಮದ ಹಾಗಿದೆ, ಅಲ್ವಾ? ನಾನು 2ಕ್ಕೆ ಹಾಕಿದೆ. ಮಗಳು ತನ್ನ ಕಾರ್ಟೂನಿಗಾಗಿ ಸುಮ್ನೆ 5ಕ್ಕೆ ತಿರುಗಿಸಿದಳು. ನಾನು ಮತ್ತೆ 2ಕ್ಕೆ.

ಇಷ್ಟು ಪಾಡು ಪಟ್ಟದ್ದು ನೈಜೆಲ್ ಹಾಥಾರ್ನ್‌ಗಾಗಿ. ಕಾರ್ಯದರ್ಶಿ ಹಂಫ್ರಿಯಾಗಿ ಆತ ಒಂದೇ ಉಸಿರಿನಲ್ಲಿ ಮಾರುದ್ದದ ವಾಕ್ಯ ಬಿಡುತ್ತಾನೆ. ಮುಖದ ಒಂದು ಗೆರೆಯೂ ಅಲುಗುವುದಿಲ್ಲ. ಮಂತ್ರಿ ಹ್ಯಾಕರ್, ಅಂದರೆ ಪಾಲ್ ಎಡಿಂಗ್ಟನ್, ಎಲ್ಲ ಅರ್ಥವಾದವನಂತೆ ತಲೆ ಆಡಿಸುತ್ತಾನೆ. ಸ್ಟುಡಿಯೋದಲ್ಲಿ ಜನರನ್ನು ಕೂರಿಸಿಕೊಂಡೇ ಆಡಿದ್ದು ಇದು. ಜನ ನಗುವಷ್ಟು ಹೊತ್ತೂ ಇವರಿಬ್ಬರು ನಗದೆ ಕಾಯುತ್ತಾರೆ. ರೋಗಿಗಳೇ ಇಲ್ಲದ ಹೊಸ ಆಸ್ಪತ್ರೆ, ಆಡಳಿತಕ್ಕೂ ಇತರ ಕೆಲಸಕ್ಕೂ ಸೇರಿ ಮಾತ್ರ ಸುಮಾರು 500 ಜನ ಎಂಬ ಕಂತಿದೆಯಲ್ಲ, ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಹಂಫ್ರಿಗೆ ಅದರಲ್ಲಿ ವಿಚಿತ್ರವೇನೂ ಕಾಣುವುದೇ ಇಲ್ಲ!

ಪುಸ್ತಕ ಹ್ಯಾಕರನ ದಿನಚರಿಯ ರೂಪದಲ್ಲಿದೆ. ಅವೆನ್ಯೂ ರಸ್ತೆಯಲ್ಲಿ ಹಳೇ ಪ್ರತಿ ಸಿಕ್ಕಿತು, 150 ರೂಪಾಯಿ. ಬಸ್ಸಿಗೆ ಒಳ್ಳೆಯದು. ಆದರೆ ಹಂಫ್ರಿಯ ವಾಕ್ಯವನ್ನು ಮೂರು ಸಲ ಓದಿ ಅರ್ಥ ಮಾಡಿಕೊಳ್ಳುವ ಹೊತ್ತಿಗೆ ನಗು ಆರಿರುತ್ತದೆ.

ಹಿಂದಿಯದು 2001ರ ‘ಜೀ ಮಂತ್ರೀಜಿ’. ಅದರಲ್ಲಿ ಮಂತ್ರಿಯಾದ ನಟ ಫಾರೂಕ್ ಶೇಖ್ ಎಂದರೆ ನನಗೆ ಪ್ರಾಣ. ನನ್ನ ಹಿಂದಿ ಮಾತ್ರ ಅಷ್ಟಕ್ಕಷ್ಟೆ. ಉದ್ದದ ವಾಕ್ಯ ಬಂದರೆ ಮಂತ್ರಿಯ ಜೊತೆ ನಾನೂ ಕಳೆದುಹೋಗುತ್ತೇನೆ.

ಸದ್ಯ ಡ್ರೈವಿನಲ್ಲಿ ಇನ್ನು ಎರಡು ಸಲ ಬಾಕಿ. ಮಗಳಿಗೆ ಪಾಸ್‌ವರ್ಡ್ ಹೇಳಿಲ್ಲ.